ನುಂಗಿಕೊಳ್ಳುವುದು, ಹೇಳಿಕೊಳ್ಳುವುದು: ಆಪ್ತಸಮಾಲೋಚನೆಯನ್ನು ಕುರಿತು ಒಂದು ಟಿಪ್ಪಣಿ

೧

ಕಷ್ಟವನ್ನು ಒಬ್ಬರೇ ನುಂಗಿಕೊಂಡು ಬಾಳುವುದನ್ನು ಕನ್ನಡ ಸಮಾಜ ಒಂದು ಗುಣವೆಂದೇ ಬಗೆಯುತ್ತ ಬಂದಿದೆ. 'ಏನು ಬಂದರೂ ತುಟಿ ಪಿಟಕ್ಕೆನ್ನಲಿಲ್ಲ' ಎಂಬುದು ನಮ್ಮಲ್ಲಿ ಹೊಗಳಿಕೆ. 'ಕಂಡಕಂಡವರ ಮುಂದೆ ಹೇಳಿಕೊಂಡು ತಿರುಗುತ್ತಾನೆ' ಎಂಬುದು ತೆಗಳಿಕೆ. ಈ ಎರಡು ಮಾತುಗಳ ನಡುವೆ ಬೆಳೆದ ಮನುಷ್ಯ, ಮನಸ್ಸು ಕುಸಿದಾಗ ಅಪರಿಚಿತರೊಬ್ಬರ ಎದುರು ಕುಳಿತು ಬಾಯಿ ಬಿಡಬೇಕಾಗಿ ಬಂದರೆ, ಅದನ್ನು ತನ್ನ ಸೋಲೆಂದೇ ಎಣಿಸುತ್ತಾನೆ. ಇದಕ್ಕೆ ಬೆಂಬಲವಾಗಿ ವಿದ್ಯಾವಂತರಲ್ಲಿ ಇನ್ನೊಂದು ವಾದವೂ ಬಳಕೆಯಲ್ಲಿದೆ: ಆಪ್ತಸಮಾಲೋಚನೆಯೆಂಬುದು ಪಶ್ಚಿಮದ ನಗರಜೀವನದಿಂದ ಬಂದದ್ದು, ನಮ್ಮವರಿಗೆ ಅದರ ಅಗತ್ಯ ಎಂದೂ ಇರಲಿಲ್ಲ. ಈ ವಾದ ನಮ್ಮ ಭಾಷೆಯ ಸಾಕ್ಷ್ಯದ ಎದುರಾಗಲಿ ಸಾಹಿತ್ಯದ ಸಾಕ್ಷ್ಯದ ಎದುರಾಗಲಿ ನಿಲ್ಲುವುದಿಲ್ಲವೆಂದು ನಾವು ತಿಳಿಯುತ್ತೇವೆ. ಇದನ್ನು ಕನ್ನಡಿಗರು ಅನ್ಯಭಾಷೆಯ ನಡುವೆ ದುಡಿದು ಬದುಕುವ ಊರಾದ ಪುಣೆಯ ಹಡಪಸರದ ನೆಲೆಯಿಂದ ಪರಿಶೀಲಿಸುವುದು ಈ ಟಿಪ್ಪಣಿಯ ಉದ್ದೇಶ.

ಮೊದಲು ಭಾಷೆಯ ಸಾಕ್ಷ್ಯ. 'ಕೊಳ್ಳು' ಎಂಬ ಸಹಾಯಕ ಧಾತು ಕ್ರಿಯೆಯ ಫಲವನ್ನು ಕರ್ತೃವಿನ ಕಡೆಗೇ ತಿರುಗಿಸುತ್ತದೆ. 'ಹೇಳಿದ' ಎಂದರೆ ಸುದ್ದಿ ಕೇಳುವವನಿಗೆ ಮುಟ್ಟಿತು. 'ಹೇಳಿಕೊಂಡ' ಎಂದರೆ ಹಗುರಾದವನು ಹೇಳಿದವನೇ. ನುಂಗಿಕೊಳ್ಳುವುದೂ ಹೇಳಿಕೊಳ್ಳುವುದೂ ಒಂದೇ ಧಾತುವಿನ ಆಶ್ರಯದಲ್ಲಿವೆ. ಆದರೆ ನುಂಗಿಕೊಳ್ಳಲು ಇನ್ನೊಬ್ಬರು ಬೇಕಿಲ್ಲ. ಹೇಳಿಕೊಳ್ಳಲು 'ಮುಂದೆ' ಒಬ್ಬರು ಇರಲೇಬೇಕು. ತನ್ನ ಹಿತಕ್ಕಾಗಿ ಇನ್ನೊಬ್ಬರ ಎದುರು ಆಡುವ ಈ ಮಾತಿಗೆ ಪ್ರತ್ಯೇಕ ಕ್ರಿಯಾರೂಪವನ್ನೇ ಉಳ್ಳ ಭಾಷೆಗೆ ಆ ವ್ಯವಹಾರ ಪರಕೀಯವೆನ್ನುವುದು ಹೇಗೆ?

೨

ಹಡಪಸರದ ಉತ್ತರಕ್ಕೆ ಹರಿಯುವ ಮುಳಾ-ಮುಠಾ ನದಿ ಮುಂದೆ ಭೀಮೆಯನ್ನು ಸೇರುತ್ತದೆ. ಭೀಮೆ ಪಂಢರಪುರವನ್ನು ದಾಟಿ ವಿಜಯಪುರ, ಕಲಬುರಗಿ ಜಿಲ್ಲೆಗಳಿಗೆ ಇಳಿಯುತ್ತದೆ. ಈ ಭೀಮಾತೀರದ ಸೀಮೆಯಲ್ಲಿಯೇ ಹಲಸಂಗಿ ಇದೆ. ಅಲ್ಲಿಯ ಗೆಳೆಯರು ಕೂಡಿಸಿದ 'ಗರತಿಯ ಹಾಡು' ೧೯೩೧ರಲ್ಲಿ ಪ್ರಕಟವಾಯಿತು. ನದಿಯ ಮೇಲ್ಗಡೆ, ಪುಣೆಯಲ್ಲಿ, ಹೇಮಾ ರಾಯರಕರ ಮತ್ತು ಗೀ ಪ್ವಾತ್ವೆಂ ಅವರು ಆರಂಭಿಸಿದ ಸಂಗ್ರಹಕಾರ್ಯದಲ್ಲಿ ಮರಾಠಿ ಹೆಣ್ಣುಮಕ್ಕಳ ಬೀಸುಕಲ್ಲಿನ ಓವಿಗಳು ಒಂದು ಲಕ್ಷಕ್ಕೂ ಮಿಕ್ಕಿ ದಾಖಲಾಗಿವೆ. ಒಂದೇ ನೀರಿನ ಎರಡು ಭಾಷೆಗಳಲ್ಲಿ ಒಂದೇ ಸಂಪ್ರದಾಯ: ಬೆಳಗಿನ ಜಾವದ ಕತ್ತಲಲ್ಲಿ ಕಲ್ಲಿನ ಮುಂದೆ ಕುಳಿತು ತವರಿನ ಅಗಲಿಕೆ, ಅತ್ತೆಯ ಮನೆಯ ಕಾಟ, ಬಂಜೆತನದ ನೋವುಗಳನ್ನು ಹಾಡುವುದು.

ಈ ಹಾಡುಗಳನ್ನು ಸಹನೆಯ ಆದರ್ಶಕ್ಕೆ ಉದಾಹರಣೆಯಾಗಿ ಎತ್ತಿ ತೋರಿಸುವುದು ನಮ್ಮ ವಿಮರ್ಶೆಯ ರೂಢಿ. ಆದರೆ ಬೀಸುವ ಗೂಟಕ್ಕೆ ಹಲವು ವೇಳೆ ಎರಡು ಜೋಡಿ ಕೈಗಳಿರುತ್ತಿದ್ದವೆಂಬುದನ್ನು ನಾವು ಮರೆಯುತ್ತೇವೆ. ಎದುರಿಗೆ ಕುಳಿತವಳು ಕೇಳುತ್ತಿದ್ದಳು, ಪಲುಕು ಸೇರಿಸುತ್ತಿದ್ದಳು. ಇದು ಒಬ್ಬಂಟಿಯ ಸಹನೆಯಲ್ಲ. ಕೇಳುವವರನ್ನು ದಿನಚರಿಯೊಳಗೇ ಇಟ್ಟುಕೊಂಡ ಒಂದು ವ್ಯವಸ್ಥೆ. ಹಿಟ್ಟಿನ ಗಿರಣಿ ಬಂದಾಗ ತೋಳಿನ ಶ್ರಮ ಹೋಯಿತು, ಅದರೊಡನೆ ಎದುರಿಗೆ ಕೂರುವವಳೂ ಹೋದಳು. ನುಂಗಿಕೊಳ್ಳುವುದು ನಮ್ಮ ಪರಂಪರೆಯೆಂದು ಇಂದು ಹೇಳುವವರು ಕೇಳುಗರನ್ನು ಕಳೆದುಕೊಂಡ ಬಳಿಕ ಉಳಿದ ಅರ್ಧವನ್ನೇ ಇಡೀ ಪರಂಪರೆಯೆಂದು ತಿಳಿದಿದ್ದಾರೆ.

ಹಾಗೆಂದು ಬೀಸುಕಲ್ಲು ಎಲ್ಲವನ್ನೂ ಕೇಳಿಸಿಕೊಂಡೀತೆಂದು ಭ್ರಮಿಸುವುದೂ ತಪ್ಪು. ಅಲ್ಲಿ ಹೇಳಬಹುದಾದದ್ದು ಎಲ್ಲರಿಗೂ ಸಮಾನವಾದ ದುಃಖವನ್ನು. ಒಬ್ಬಳಿಗೇ ಸೇರಿದ, ಹೇಳಿದರೆ ಮನೆಯೇ ಮುರಿಯುವಂಥ ಸಂಗತಿಗೆ ಅಲ್ಲಿ ಧಾಟಿಯಿಲ್ಲ.

೩

ಆ ಸಂಗತಿಯನ್ನು ಕಾದಂಬರಿಗೆ ತಂದವರು ತ್ರಿವೇಣಿ (೧೯೨೮-೧೯೬೩). ಮನಶ್ಶಾಸ್ತ್ರವನ್ನು ವ್ಯಾಸಂಗ ಮಾಡಿದ್ದ ಅವರ 'ಶರಪಂಜರ'ದ ಕಾವೇರಿ ಬಾಣಂತನದ ತರುವಾಯ ಮಾನಸಿಕ ಸಮತೋಲ ಕಳೆದುಕೊಳ್ಳುತ್ತಾಳೆ. ಮದುವೆಗೆ ಮುಂಚಿನ ಒಂದು ಘಟನೆಯ ಪಾಪಪ್ರಜ್ಞೆಯನ್ನು ಆಕೆ ವರ್ಷಗಟ್ಟಲೆ ಒಳಗೇ ಇಟ್ಟುಕೊಂಡವಳು. ಆಸ್ಪತ್ರೆಯಲ್ಲಿ ಗುಣ ಹೊಂದಿ ಮನೆಗೆ ಮರಳುತ್ತಾಳೆ. ಮನೆ ಮತ್ತು ನೆರೆಹೊರೆ ಆಕೆಯನ್ನು ಹುಚ್ಚಿಯೆಂದೇ ಕಾಣುತ್ತವೆ. ಕೊನೆಗೆ ಆಕೆ ಮತ್ತೆ ಆಸ್ಪತ್ರೆಯ ಪಾಲಾಗುತ್ತಾಳೆ. ೧೯೭೧ರಲ್ಲಿ ಪುಟ್ಟಣ್ಣ ಕಣಗಾಲರು ಇದನ್ನು ಚಲನಚಿತ್ರವಾಗಿಸಿದ ಮೇಲೆ ಕಲ್ಪನಾ ಅವರ ಅಭಿನಯವೇ ಜನಮನದಲ್ಲಿ ನಿಂತಿತು. ವಿಮರ್ಶೆಯಂತೂ ಇಂಥ ಕೃತಿಗಳನ್ನು ಜನಪ್ರಿಯ ಕಾದಂಬರಿಯ ಸಾಲಿಗೆ ಸೇರಿಸಿ ಕೈತೊಳೆದುಕೊಂಡಿತು. ಅದೇ ಕಾಲದ ನವ್ಯವು ಏಕಾಕಿತನವನ್ನು ಪ್ರಜ್ಞೆಯ ಎಚ್ಚರದ ಗುರುತಾಗಿ ಎತ್ತಿ ಹಿಡಿಯುತ್ತಿತ್ತಾದ್ದರಿಂದ, ಕೇಳುವವರಿಗಾಗಿ ಹಂಬಲಿಸುವ ಪಾತ್ರ ಅದಕ್ಕೆ ದುರ್ಬಲವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಆದರೆ 'ಶರಪಂಜರ'ದ ವಾದ ಹರಿತವಾದುದು. ಕಾವೇರಿಗೆ ಹತ್ತಿರದವರು ಇಲ್ಲದಿರಲಿಲ್ಲ. ಗಂಡನಿದ್ದ, ಮಕ್ಕಳಿದ್ದರು, ತುಂಬಿದ ಮನೆಯಿತ್ತು. ಹತ್ತಿರದವರೆಂಬ ಕಾರಣಕ್ಕಾಗಿಯೇ ಅವರ ಮುಂದೆ ಅದನ್ನು ಹೇಳಿಕೊಳ್ಳುವಂತಿರಲಿಲ್ಲ. ಬಂಧುತ್ವದ ಲೆಕ್ಕಾಚಾರದಿಂದ ಹೊರಗಿರುವ, ಕೇಳಿದ್ದನ್ನು ತನ್ನಲ್ಲೇ ಉಳಿಸಿಕೊಳ್ಳಬಲ್ಲ ಹೊರಗಿನವರು ಬೇಕಾಗುವುದು ಇಲ್ಲಿಯೇ.

೪

ಈ ಹಿನ್ನೆಲೆಯಲ್ಲಿ 'ಆಪ್ತಸಮಾಲೋಚನೆ' ಎಂಬ ನಮ್ಮ ಪಾರಿಭಾಷಿಕ ಪದವನ್ನು ನೋಡಬೇಕು. ಮುಖಪರಿಚಯವೂ ಇಲ್ಲದವರನ್ನು ಆಪ್ತರೆನ್ನುವುದು ಹೇಗೆಂದು ಆಕ್ಷೇಪಿಸಬಹುದು. ಕನ್ನಡದ ಬಳಕೆಯಲ್ಲಿ ಆಪ್ತನೆಂದರೆ ಹತ್ತಿರದವನು ನಿಜ. ಆದರೆ ನ್ಯಾಯಶಾಸ್ತ್ರದಲ್ಲಿ ಆಪ್ತನೆಂದರೆ ನಂಬತಕ್ಕವನು. ಆಪ್ತವಾಕ್ಯ ಪ್ರಮಾಣವಾಗುವುದು ನಂಟಿನಿಂದಲ್ಲ, ವಿಶ್ವಾಸಾರ್ಹತೆಯಿಂದ. ಈ ಹಳೆಯ ಅರ್ಥದಲ್ಲಿ ಪದ ಸರಿಯಾಗಿಯೇ ಇದೆ. ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯನ್ನು ರೋಗಿಯ ಹಕ್ಕೆಂದು ವಿಧಿಸಿದಾಗ ಈ ಆಪ್ತತೆಗೆ ಕಾನೂನಿನ ಆಧಾರವೂ ದೊರೆಯಿತು.

ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಬೇಕು. ಶಾಸ್ತ್ರದ ಆಪ್ತ ನಂಬತಕ್ಕ ಮಾತುಗಾರ. ಇಲ್ಲಿ ಬೇಕಾದವನು ನಂಬತಕ್ಕ ಕೇಳುಗ. ಕಣಿ ಹೇಳುವ ಕೊರವಂಜಿಯಿಂದ ಪಂಚಾಯಿತಿಯ ಹಿರಿಯರವರೆಗೆ ನಮ್ಮ ಸಲಹೆಗಾರರೆಲ್ಲ ಬಹುಮಟ್ಟಿಗೆ ಮಾತುಗಾರರೇ. 'ಕೊರವಂಜಿ' ಪತ್ರಿಕೆಯನ್ನು ನಡೆಸಿದ ರಾಶಿಯವರೇ, ವೈದ್ಯ ಎಂ. ಶಿವರಾಂ ಆಗಿ, ಮನೋವೈದ್ಯವನ್ನು ಕುರಿತ 'ಮನಮಂಥನ'ವನ್ನು ಬರೆದದ್ದು, ಅದಕ್ಕೆ ೧೯೭೬ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿಯ ಪ್ರಶಸ್ತಿ ಬಂದದ್ದು ಸ್ಮರಣೀಯ. ಆಪ್ತಸಮಾಲೋಚನೆಯೆಂದರೆ ಬುದ್ಧಿವಾದವೆಂದು ತಿಳಿದವರು ಅದಕ್ಕೆ ಹಿಂಜರಿಯುವುದು ಸಹಜ; ಬುದ್ಧಿವಾದ ಅವರಿಗೆ ಮನೆಯಲ್ಲಿಯೇ ಸಾಕಷ್ಟು ದೊರೆತಿರುತ್ತದೆ.

೫

ಕೇಳುಗರು ಮುಖ್ಯವೆಂದ ಮೇಲೆ ಯಾವ ಭಾಷೆಯ ಕೇಳುಗರೆಂಬ ಪ್ರಶ್ನೆ ತಪ್ಪಿದ್ದಲ್ಲ. ಹಡಪಸರ ಸೊಲ್ಲಾಪುರದ ಹೆದ್ದಾರಿಯ ಮೇಲಿದೆ. ಆ ದಾರಿಯಲ್ಲಿ ಅಕ್ಕಲಕೋಟೆ, ವಿಜಯಪುರ, ಕಲಬುರಗಿಗಳ ಕಡೆಯವರು ಕಟ್ಟಡದ ಕೆಲಸಕ್ಕೆ, ಕಾರ್ಖಾನೆಯ ಕೆಲಸಕ್ಕೆ ಬಂದಿದ್ದಾರೆ. ಮಗರಪಟ್ಟಾದ ಗಣಕ ಕಚೇರಿಗಳಿಗೆ ಬೆಂಗಳೂರು, ಧಾರವಾಡಗಳ ಪದವೀಧರರು ಬಂದಿದ್ದಾರೆ. ಇಬ್ಬರಿಗೂ ಒಂಟಿಯಾಗಿ ನಿಭಾಯಿಸುವುದು ಅಭ್ಯಾಸವಾಗಿ ಹೋಗಿದೆ. ಊರಿಗೆ ಮಾಡುವ ದೂರವಾಣಿ ಕರೆಯಲ್ಲಿ 'ಆರಾಮ ಅದೀನಿ' ಎನ್ನುವುದು ಅವರ ಕರ್ತವ್ಯವೇ ಆಗಿದೆ.

ಇವರಲ್ಲೊಬ್ಬ ಒಮ್ಮೆ ಸಂಕೋಚ ಬಿಟ್ಟು ಬಾಗಿಲು ತಟ್ಟಿದನೆನ್ನೋಣ. 'ಜೀವಕ್ಕ ಬ್ಯಾಸರಾಗ್ಯಾದ' ಎಂಬುದು ಅವನ ಮಾತು. ಈ ಬ್ಯಾಸರ ಹೊತ್ತು ಹೋಗದವನ ಬೇಸರವಲ್ಲ. ಬದುಕೇ ಸಾಕೆನಿಸಿದವನ ಮಾತೂ ಆಗಬಹುದು. ಅದನ್ನು ಅವನು ಇಂಗ್ಲಿಷಿಗೆ ತಿರುಗಿಸಿ 'ಬೋರ್' ಎಂದರೆ ಎದುರಿನವರಿಗೆ ಅಪಾಯದ ಸುಳಿವೇ ಸಿಗಲಾರದು. ಮರಾಠಿಯವರೂ ಜೀವಕ್ಕೆ 'ಕಂಟಾಳಾ' ಬಂತೆನ್ನುವುದರಿಂದ ಆ ಭಾಷೆಯ ಕೇಳುಗರು ಅದನ್ನು ಹಿಡಿದಾರು. ಆದ್ದರಿಂದ ಇದು ಭಾಷಾಭಿಮಾನದ ಪ್ರಶ್ನೆಯಲ್ಲ. ಸಂಕಟ ದೇಹದ ಯಾವ ಅಂಗದಲ್ಲಿ ಮನೆಮಾಡಿದೆಯೆಂದು ಬಲ್ಲ ನುಡಿಯ ಪ್ರಶ್ನೆ.

ನಿಮ್ಹಾನ್ಸ್ ೨೦೧೫-೧೬ರಲ್ಲಿ ೧೨ ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಬೇರೆಬೇರೆ ಮಾನಸಿಕ ತೊಂದರೆಗಳುಳ್ಳವರಲ್ಲಿ ಶೇಕಡಾ ೭೦ರಿಂದ ೯೨ರಷ್ಟು ಜನ ಚಿಕಿತ್ಸೆಯ ಹೊರಗಿದ್ದರು. ಆ ೧೨ರಲ್ಲಿ ಕರ್ನಾಟಕವೂ ಇರಲಿಲ್ಲ, ಮಹಾರಾಷ್ಟ್ರವೂ ಇರಲಿಲ್ಲ. ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ 'ಟೆಲಿ ಮಾನಸ್' ಸೇವೆ ೧೪೪೧೬ ಎಂಬ ಸಂಖ್ಯೆಯ ಮೂಲಕ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ದೊರೆಯುವಂತಾದದ್ದು ಈ ದೃಷ್ಟಿಯಿಂದ ದೊಡ್ಡ ಸಂಗತಿ. ಹಡಪಸರದ ಬಾಡಿಗೆ ಕೋಣೆಯಲ್ಲಿರುವವನಿಗೆ ತನ್ನ ನುಡಿಯ ಕೇಳುಗರು ಸಿಗುವ ಸಾಧ್ಯತೆ ಬೀಸುಕಲ್ಲು ಮೂಲೆಗೆ ಸೇರಿದ ಮೇಲೆ ಈಗ ಮತ್ತೆ ಉಂಟಾಗಿದೆ.

ಪ್ರತಿ ಆಷಾಢದ ವಾರಿಯಲ್ಲಿ ಜ್ಞಾನೇಶ್ವರ, ತುಕಾರಾಮರ ಪಾಲಖಿಗಳು ಹಡಪಸರದವರೆಗೆ ಬಂದು ಅಲ್ಲಿ ದಾರಿ ಬೇರೆಯಾಗುತ್ತವೆ. ಒಂದು ಸಾಸವಡದ ಕಡೆಗೆ, ಇನ್ನೊಂದು ಲೋಣಿಯ ಕಡೆಗೆ. ಎರಡೂ ಹೋಗುವುದು ಜ್ಞಾನೇಶ್ವರರ ಹೆಸರಿನ ಅಭಂಗವೊಂದು 'ಕಾನಡಾ' ಎಂದು ಕರೆದ ವಿಠ್ಠಲನ ಬಳಿಗೇ. ಆ ಪದಕ್ಕೆ ಕನ್ನಡದವನೆಂಬುದರ ಜೊತೆಗೆ ಸುಲಭವಾಗಿ ತಿಳಿಯದವನೆಂಬ ಅರ್ಥವನ್ನೂ ವ್ಯಾಖ್ಯಾನಕಾರರು ಹೇಳಿದ್ದಾರೆ. ತಿಳಿಯದ್ದೆಂದು ವಾರಕರಿಗಳು ಹಿಂದಿರುಗಲಿಲ್ಲ. ನಡೆದು ಹೋಗಿ ಎದುರು ನಿಂತರು. ಹೇಳಿಕೊಳ್ಳಲು ಬಂದವನ ಮಾತು ಕಾನಡಾ ಆಗಿ ಕಂಡಾಗ ಕೇಳುವವರು ಇಡಬೇಕಾದ ಹೆಜ್ಜೆಯೂ ಇದೇ ಬಗೆಯದು. ಇತ್ತ ನಮ್ಮ ವಿಮರ್ಶೆ ಮಾಡಬಹುದಾದ ಕೆಲಸವೊಂದಿದೆ: ತುಟಿ ಪಿಟಕ್ಕೆನ್ನದವರನ್ನು ಹೊಗಳುವ ಚಾಳಿಯನ್ನು ಬಿಟ್ಟು, ಬಾಯಿ ಬಿಟ್ಟವರ ಧೈರ್ಯವನ್ನು ಗುರುತಿಸಲು ಕಲಿಯುವುದು.