ಲಂಟಾನ ತೈಲ: ವಲಯದ ಅಗಲ ಏನನ್ನು ಹೇಳುತ್ತದೆ?

ತುಮಕೂರಿನಿಂದ ದೇವರಾಯನದುರ್ಗದ ಕಡೆಗೆ ಹೋಗಿ, ಇಲ್ಲವೇ ಗುಬ್ಬಿ, ಕುಣಿಗಲ್ ಕಡೆಯ ಬೇಲಿಸಾಲುಗಳನ್ನು ನೋಡಿ. ಹಳದಿ, ಕೆಂಪು ಹೂಗೊಂಚಲಿನ ಲಂಟಾನ ಕಣ್ಣಿಗೆ ಬೀಳದಿರದು. ಅಮೆರಿಕದ ಉಷ್ಣವಲಯದ ಈ ಗಿಡ 19ನೇ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದಿತು. ಇದರ ಎಲೆಯ ಸುಗಂಧ ತೈಲ ಬ್ಯಾಕ್ಟೀರಿಯ ನಿರೋಧಕ ಎನ್ನುವ ಪ್ರಬಂಧಗಳು, ಕಾಲೇಜು ಪ್ರಾಜೆಕ್ಟುಗಳು ಬರುತ್ತಲೇ ಇವೆ. ಮಾತು ಸುಳ್ಳಲ್ಲ. ಆದರೆ ಹಲವು ವರದಿಗಳಲ್ಲಿ ಅಳೆದದ್ದು ಒಂದು, ತೀರ್ಮಾನಿಸಿದ್ದು ಇನ್ನೊಂದು.

ವಿಧಾನ ನಿಮಗೆ ಗೊತ್ತಿರುವುದೇ. ಎಲೆಯನ್ನು ಕ್ಲೆವೆಂಜರ್ ಉಪಕರಣದಲ್ಲಿ ನೀರಿನೊಡನೆ ಕುದಿಸಿ ತೈಲ ಪಡೆಯುತ್ತಾರೆ. ಅದನ್ನು 6 ಮಿ.ಮೀ. ಅಗಲದ ಕಾಗದದ ಬಿಲ್ಲೆಗೆ ಹಾಕಿ, ಬ್ಯಾಕ್ಟೀರಿಯ ಹರಡಿದ ಅಗಾರ್ ಮೇಲಿಟ್ಟು, ಮರುದಿನ ಸುತ್ತಲಿನ ತಿಳಿಯಾದ ವಲಯವನ್ನು ಅಳೆಯುತ್ತಾರೆ. ಪಕ್ಕದ ಆಂಟಿಬಯಾಟಿಕ್ ಬಿಲ್ಲೆಯ ವಲಯವೂ ಅಷ್ಟೇ ಇದ್ದರೆ ಎರಡೂ ಸಮಬಲವೆಂದು ಬರೆದುಬಿಡುತ್ತಾರೆ. ಎಡವುವುದು ಇಲ್ಲೇ. ಆಂಪಿಸಿಲಿನ್ ಬಿಲ್ಲೆಯಲ್ಲಿ ಸಾಮಾನ್ಯವಾಗಿ ಇರುವುದು 10 ಮೈಕ್ರೋಗ್ರಾಂ. ಎದುರಿನ ಬಿಲ್ಲೆಗೆ 10 ಮೈಕ್ರೋಲೀಟರ್ ತೈಲ ಹಾಕಿದರೆ ಅದು ಸುಮಾರು 9 ಮಿಲಿಗ್ರಾಂ, ಅಂದರೆ ಒಂಬೈನೂರು ಪಟ್ಟು! ಮೇಲಾಗಿ ಅಗಾರ್‌ನಲ್ಲಿ ಬಹುಪಾಲು ನೀರು. ತೈಲ ಅದರೊಳಗೆ ಸರಿಯಾಗಿ ಹರಡದು, ಕೊಂಚ ಆವಿಯಾಗಿಯೂ ಹೋಗುತ್ತದೆ. ಹೀಗಾಗಿ ವಲಯದ ಅಗಲದಲ್ಲಿ ತಡೆಯುವ ಶಕ್ತಿಯೂ ಹರಡುವ ಗುಣವೂ ಬೆರೆತಿರುತ್ತವೆ. ದ್ರವ ಮಾಧ್ಯಮದಲ್ಲಿ ತೈಲವನ್ನು ಹಂತಹಂತವಾಗಿ ತೆಳುಗೊಳಿಸಿ, ಬೆಳವಣಿಗೆಯನ್ನು ತಡೆಯಬಲ್ಲ ಕನಿಷ್ಠ ಪ್ರಮಾಣವನ್ನು ಕಂಡುಹಿಡಿದಿದ್ದಾರೆಯೆ? ತೈಲ ಕರಗಿಸಿದ ದ್ರಾವಕವನ್ನು ಮಾತ್ರ ಹಾಕಿ ನೋಡಿದ್ದಾರೆಯೆ? ವರದಿಯಲ್ಲಿ ಮೊದಲು ಇವನ್ನು ಹುಡುಕಿ.

ಸ್ಟ್ಯಾಫಿಲೋಕಾಕಸ್ ಬೇಗ ಬಗ್ಗಿ ಇ. ಕೋಲಿ ಬಗ್ಗದಿದ್ದರೆ ಅಚ್ಚರಿಯಿಲ್ಲ. ಗ್ರಾಂ-ಋಣ ಬ್ಯಾಕ್ಟೀರಿಯಗಳ ಹೊರಪೊರೆ ತೈಲಕ್ಕೆ ಅಡ್ಡಿ.

ಇನ್ನು, ಲಂಟಾನ ತೈಲ ಎಂಬ ಒಂದೇ ವಸ್ತುವಿಲ್ಲ. ಕ್ಯಾರಿಯೋಫಿಲೀನ್‌ನಂತಹ ಟರ್ಪೀನುಗಳ ಈ ಮಿಶ್ರಣ ಊರಿಂದೂರಿಗೆ, ಋತುವಿನಿಂದ ಋತುವಿಗೆ ಬದಲಾಗುತ್ತದೆ. ಗುಬ್ಬಿಯಲ್ಲಿ ಮಳೆಗಾಲದಲ್ಲಿ ಕಿತ್ತ ಎಲೆಯ ಫಲಿತಾಂಶ ಕುಣಿಗಲ್‌ನ ಬೇಸಿಗೆಯ ಎಲೆಗೆ ಹೊಂದಬೇಕಿಲ್ಲ. ಎಲೆ ಕಿತ್ತ ತಿಂಗಳನ್ನೇ ನಮೂದಿಸದ ವರದಿಯನ್ನು ಮತ್ತೊಬ್ಬರು ಪರೀಕ್ಷಿಸುವುದು ಹೇಗೆ?

ನನಗೆ ಹೆಚ್ಚು ಆತಂಕ ತರುವುದು ಬೇರೆಯೇ. ತೈಲದ ಫಲಿತಾಂಶ ನೋಡಿ, ಎಲೆಯ ರಸವೂ ಮದ್ದೆಂದು ಜನ ತಿಳಿದಾರು. ಲಂಟಾನ ತಿಂದ ದನಗಳಿಗೆ ಕಾಮಾಲೆ ಬರುತ್ತದೆ, ಬಿಸಿಲಿಗೆ ಚರ್ಮ ಸುಲಿಯುತ್ತದೆ. ಯಕೃತ್ತನ್ನು ಕೆಡಿಸುವ ಲಂಟಾಡೀನ್‌ಗಳು ಅದಕ್ಕೆ ಕಾರಣ. ಇವು ಆವಿಯಾಗುವ ವಸ್ತುಗಳಲ್ಲ. ಆದ್ದರಿಂದ ತೈಲದ ಜೊತೆ ಮೇಲೇರದೆ ಎಲೆಯಲ್ಲೇ ಉಳಿಯುತ್ತವೆ. ಬಟ್ಟಿ ಇಳಿಸಿದ ಮೇಲೆ ಫ್ಲಾಸ್ಕಿನಲ್ಲಿ ಉಳಿದ ಚರಟವನ್ನು ದನ ಮೇಯುವ ಕಡೆ ಸುರಿಯಬೇಡಿ.