ಕಾರ್ಟೂನ್ ಚಿತ್ರಗಳ ಭೌತನಿಯಮ ಮತ್ತು ಲೋಕವಿರೋಧದ ಪ್ರಶ್ನೆ

ಕಾರ್ಟೂನ್ ಚಲನಚಿತ್ರಗಳಲ್ಲಿ ತರ್ಕಕ್ಕೆ ಎಡೆಯಿಲ್ಲ, ಅಲ್ಲಿ ಏನು ಬೇಕಾದರೂ ಸಂಭವಿಸಬಹುದು ಎಂಬ ಅಭಿಪ್ರಾಯ ರೂಢಿಯಲ್ಲಿದೆ. ಇದನ್ನು ಒಪ್ಪಿದರೆ ಆ ಚಿತ್ರಗಳು ವಿಮರ್ಶೆಯ ಕಕ್ಷೆಗೇ ಬರುವುದಿಲ್ಲ. ಎಲ್ಲವೂ ಸಾಧ್ಯವಿರುವೆಡೆ ಔಚಿತ್ಯ-ಅನೌಚಿತ್ಯಗಳ ವಿಚಾರವೇ ಏಳದು. ಒಂದು ಚಿತ್ರಮಾಲೆಯನ್ನು ಮುಂದಿಟ್ಟುಕೊಂಡು ಈ ಅಭಿಪ್ರಾಯವನ್ನು ಪರೀಕ್ಷಿಸುವುದು ಪ್ರಸ್ತುತ ಟಿಪ್ಪಣಿಯ ಉದ್ದೇಶ.

ಚಕ್ ಜೋನ್ಸ್ ನಿರ್ದೇಶನದಲ್ಲಿ ವಾರ್ನರ್ ಬ್ರದರ್ಸ್ ಸಂಸ್ಥೆ 1949ರಲ್ಲಿ ಹೊರತಂದ 'ಫಾಸ್ಟ್ ಅಂಡ್ ಫರಿ-ಅಸ್' ರೋಡ್‌ರನ್ನರ್ ಮಾಲೆಯ ಮೊದಲ ಚಿತ್ರ. ಓಟದ ಹಕ್ಕಿಯೊಂದನ್ನು ಹಿಡಿಯಲು ಕೊಯೋಟಿ ಎಂಬ ಅಮೆರಿಕದ ತೋಳಜಾತಿಯ ಪ್ರಾಣಿ ಹೂಡುವ ಉಪಾಯಗಳು ಅದಕ್ಕೇ ತಿರುಗುಬಾಣವಾಗುವುದು ಇದರ ವಸ್ತು. ಕೊಯೋಟಿ ಬಂಡೆಯ ಮೇಲೆ ಸುರಂಗದ ಚಿತ್ರವನ್ನು ಬರೆಯುತ್ತದೆ. ಹಕ್ಕಿ ಅದರೊಳಗೆ ನಿರಾಯಾಸವಾಗಿ ಓಡಿಹೋಗುತ್ತದೆ. ಬೆನ್ನಟ್ಟಿದ ಕೊಯೋಟಿ ಬಂಡೆಗೆ ಅಪ್ಪಳಿಸುತ್ತದೆ. ಮಾಲೆಯಲ್ಲಿ ಮತ್ತೆ ಮತ್ತೆ ಬರುವ ಇನ್ನೊಂದು ಸನ್ನಿವೇಶದಲ್ಲಿ ಅದು ಪ್ರಪಾತದ ಅಂಚನ್ನು ದಾಟಿ ಬರಿಯ ಗಾಳಿಯಲ್ಲಿ ನಿಲ್ಲುತ್ತದೆ. ಕಾಲಡಿಯಲ್ಲಿ ನೆಲವಿಲ್ಲವೆಂದು ತಿಳಿದ ಕ್ಷಣವೇ ಬೀಳುತ್ತದೆ.

ಇವೆರಡೂ ನಿಯಮರಹಿತವಾದ ಘಟನೆಗಳಲ್ಲ. ಎರಡರಲ್ಲಿಯೂ ಅರಿವೇ ಬಂಧನಕ್ಕೆ ಕಾರಣ. ಸುರಂಗ ಕೇವಲ ಬಣ್ಣವೆಂದು ಬಲ್ಲ ಪ್ರಾಣಿಗೆ ಬಂಡೆ ಬಂಡೆಯಾಗಿಯೇ ಉಳಿಯುತ್ತದೆ. ಅರಿಯದ ಹಕ್ಕಿಗೆ ಅದೇ ದಾರಿಯಾಗುತ್ತದೆ. ಪತನಕ್ಕೆ ಹೇತು ದೇಹದ ಭಾರವಲ್ಲ, ತಿಳಿವು. ಮಾರ್ಕ್ ಓಡಾನೆಲ್ 1980ರಲ್ಲಿ 'ಎಸ್ಕ್ವೈರ್' ಪತ್ರಿಕೆಯಲ್ಲಿ ಪರಿಹಾಸದ ಧಾಟಿಯಲ್ಲಿ ರೂಪಿಸಿದ ಕಾರ್ಟೂನ್ ಚಲನೆಯ ನಿಯಮಗಳಲ್ಲಿ ಮೊದಲನೆಯದು ಇದೇ ಎಂಬುದು ಗಮನಾರ್ಹ.

ಇಂಥ ಸನ್ನಿವೇಶಗಳನ್ನು ಅತಿಶಯೋಕ್ತಿ ಎಂದು ಕರೆದರೆ ಸಾಲದು. ಅತಿಶಯೋಕ್ತಿ ಕವಿಯ ಉಕ್ತಿಗೆ ಸಂಬಂಧಿಸಿದ್ದು. ಇಲ್ಲಿ ಲೋಕವೇ ಬೇರೆ. 'ಕವಿರಾಜಮಾರ್ಗ'ಕ್ಕೆ ಆಕರವಾದ 'ಕಾವ್ಯಾದರ್ಶ'ದ ಮೂರನೆಯ ಪರಿಚ್ಛೇದದಲ್ಲಿ ದಂಡಿ ಲೋಕವಿರೋಧವನ್ನು ದೋಷಗಳಲ್ಲಿ ಎಣಿಸಿದರೂ, ಕವಿಕೌಶಲದಿಂದ ಅದು ಕೆಲವೊಮ್ಮೆ ಗುಣಗಳ ಸಾಲನ್ನು ಸೇರಬಲ್ಲದೆಂದು ಹೇಳಿದ್ದಾನೆ. ನಮ್ಮ ಚರ್ಚೆಗೆ ಹೆಚ್ಚು ಸಮೀಪವಾದುದು ಈ ಮಾತು. ಜೋನ್ಸ್‌ನ ಕೌಶಲವಿರುವುದು ಲೋಕನಿಯಮವನ್ನು ಮುರಿಯುವುದರಲ್ಲಿ ಅಲ್ಲ, ಮುರಿದ ಮೇಲೆ ತಾನೇ ವಿಧಿಸಿಕೊಂಡ ನಿಯಮವನ್ನು ಪಾಲಿಸುವುದರಲ್ಲಿ. 1989ರ ಆತ್ಮಕಥನ 'ಚಕ್ ಅಮಕ್'ನಲ್ಲಿ ಆತ ಇಂತಹ ಕಟ್ಟುಪಾಡುಗಳನ್ನು ಸ್ಪಷ್ಟಪಡಿಸಿದ್ದಾನೆ: ಸಾಧ್ಯವಾದೆಡೆಯೆಲ್ಲ ಗುರುತ್ವಾಕರ್ಷಣೆಯೇ ಕೊಯೋಟಿಯ ಪರಮಶತ್ರುವಾಗಬೇಕು, ಸೋಲಿನಿಂದ ಅದಕ್ಕೆ ಆಗುವ ಗಾಯಕ್ಕಿಂತ ಅವಮಾನ ಹೆಚ್ಚಿರಬೇಕು.

ಈ ಎರಡನೆಯ ಕಟ್ಟುಪಾಡು ಹಾಸ್ಯದ ರಕ್ಷೆಯೂ ಹೌದು, ಅದರ ಮಿತಿಯೂ ಹೌದು. ನೋವು ನಿಜವಾದರೆ ಕರುಣ ತಲೆದೋರಿ ಹಾಸ್ಯ ಭಂಗವಾಗುತ್ತದೆ. ಆದರೆ ಗಾಯದ ಗುರುತೇ ಉಳಿಯದ ದೇಹಕ್ಕೆ ಕಳೆದುಕೊಳ್ಳಲು ಏನೂ ಇರುವುದಿಲ್ಲ; ಆದುದರಿಂದ ಆ ಲೋಕ ದುಃಖವನ್ನು ಧರಿಸಲಾರದು. ಈ ಮಿತಿಯನ್ನು ಒಪ್ಪಿಕೊಂಡೂ ಒಂದು ಮಾತು ಹೇಳಬಹುದು. ಇಂತಹ ಕೃತಿಗಳ ವಿಚಾರದಲ್ಲಿ ಲೋಕವನ್ನು ಹೋಲುತ್ತದೆಯೇ ಎಂದು ಕೇಳುವುದಕ್ಕಿಂತ, ತನ್ನ ನಿಯಮಕ್ಕೆ ಕೃತಿ ಎಷ್ಟರಮಟ್ಟಿಗೆ ಬದ್ಧವಾಗಿದೆ ಎಂದು ಪರಿಶೀಲಿಸುವುದು ಹೆಚ್ಚು ಫಲಪ್ರದ. ನಮ್ಮ ಅದ್ಭುತಪ್ರಧಾನ ಕಥಾಕಾವ್ಯಗಳ ಅಧ್ಯಯನಕ್ಕೂ ಈ ಮಾನದಂಡ ಉಪಯುಕ್ತವಾಗಬಹುದು.