ಜಗಳೂರು ಪಾಸು, ಉಳಿದ ಮೂರು ಫೇಲು

ಲಿನಕ್ಸ್ ಹಾಕಿಕೊಂಡವರು ಮೊದಲ ತಿಂಗಳಲ್ಲೇ ಮಾಡುವ ಕೆಲಸಗಳಲ್ಲಿ ಕಾಂಕಿ ಕೂರಿಸುವುದೂ ಒಂದು. ಡೆಸ್ಕ್‌ಟಾಪಿನ ಒಂದು ಮೂಲೆಯಲ್ಲಿ ಪ್ರೊಸೆಸರ್ ಎಷ್ಟು ದುಡೀತಿದೆ, ಮೆಮೊರಿ ಎಷ್ಟು ತುಂಬಿದೆ, ಡಿಸ್ಕಿನಲ್ಲಿ ಜಾಗ ಎಷ್ಟು ಉಳಿದಿದೆ, ಬ್ಯಾಟರಿ ಎಷ್ಟಿದೆ ಅಂತ ಸದಾ ತೋರಿಸುತ್ತಾ ಕೂತಿರುವ ಪುಟ್ಟ ತಂತ್ರಾಂಶ ಅದು. ಟಾರ್ಸ್ಮೋ ಎಂಬ ಹಳೆಯ ತಂತ್ರಾಂಶದ ಕೆಲಸ ನಿಂತುಹೋದಾಗ, ಅದರ ಕೋಡನ್ನೇ ಎತ್ತಿಕೊಂಡು 2005ರಲ್ಲಿ ಬೇರೆಯವರು ಇದನ್ನು ಮುಂದುವರಿಸಿದರು. ಇವತ್ತಿಗೂ ಜೀವಂತವಾಗಿದೆ. ನಾನು ಓದುವಾಗಿನಿಂದ ಬಳಸುತ್ತಾ ಬಂದಿದ್ದೇನೆ. ಆದ್ದರಿಂದ ಹೊಗಳಬೇಕಾದ್ದನ್ನು ಮೊದಲು ಹೊಗಳಿ, ಆಮೇಲೆ ತಕರಾರಿಗೆ ಬರುತ್ತೇನೆ.

ಕಾಂಕಿಯ ಮೊದಲ ಗುಣ ಪ್ರಾಮಾಣಿಕತೆ. ಲಿನಕ್ಸ್ ಕರ್ನೆಲ್ ತನ್ನ ಲೆಕ್ಕಪತ್ರವನ್ನೆಲ್ಲ 'ಪ್ರಾಕ್' ಎಂಬ ಫೋಲ್ಡರಿನಲ್ಲಿ ಯಾರು ಬೇಕಾದರೂ ಓದುವ ಹಾಗೆ ತೆರೆದಿಟ್ಟಿರುತ್ತದೆ. ಕಂಪ್ಯೂಟರ್ ಹೊತ್ತಿಸಿದಾಗಿನಿಂದ ಪ್ರೊಸೆಸರ್ ಎಷ್ಟು ಹೊತ್ತು ದುಡಿಯಿತು, ಎಷ್ಟು ಹೊತ್ತು ಸುಮ್ಮನೆ ಕೂತಿತ್ತು ಎಂಬ ಒಟ್ಟು ಮೊತ್ತ ಅಲ್ಲಿರುತ್ತದೆ. ಕಾಂಕಿ ಅದನ್ನು ಒಮ್ಮೆ ಓದಿ, ಒಂದೆರಡು ಸೆಕೆಂಡ್ ಬಿಟ್ಟು ಮತ್ತೆ ಓದಿ, ಎರಡರ ವ್ಯತ್ಯಾಸ ತೆಗೆದು ಶೇಕಡಾ ಲೆಕ್ಕ ಹೇಳುತ್ತದೆ. ಕರೆಂಟ್ ಮೀಟರಿನವರು ಹೋದ ತಿಂಗಳ ರೀಡಿಂಗ್ ಕಳೆದು ಬಿಲ್ ಹರಿಯುವ ಹಾಗೇ, ಬೇರೆ ಮಂತ್ರ ಏನಿಲ್ಲ. ಎರಡನೇ ಗುಣ ಮಿತವ್ಯಯ. ಹಳೆಯ ಲ್ಯಾಪ್‌ಟಾಪಿಗೂ ಭಾರ ಅನಿಸುವುದಿಲ್ಲ. ಬ್ಯಾಟರಿ ಮೇಲೆ ಓಡುವಾಗ ನಿಧಾನವಾಗಿ ಓದು ಅಂತ ಬೇರೆಯೇ ಅವಧಿ ಕೊಡುವ ಸೌಲಭ್ಯವೂ ಇದೆ. ಕರೆಂಟು ಯಾವಾಗ ಬರುತ್ತೆ, ಯಾವಾಗ ಹೋಗುತ್ತೆ ಅಂತ ಗೊತ್ತಿಲ್ಲದ ನಮ್ಮ ಕಡೆ ಇದು ಸಣ್ಣ ವಿಷಯ ಅಲ್ಲ.

ಕೂರಿಸುವುದೂ ಕಷ್ಟ ಇಲ್ಲ. ಉಬುಂಟು, ಡೆಬಿಯನ್ ಇದ್ದರೆ 'ಕಾಂಕಿ-ಆಲ್' ಎಂಬ ಪ್ಯಾಕೇಜ್ ಹಾಕಿ. ಏನೇನು ತೋರಿಸಬೇಕು ಅಂತ ಒಂದು ಫೈಲಿನಲ್ಲಿ ಬರೆದುಕೊಳ್ಳಿ. ಬೇರೆಯವರು ಮಾಡಿಟ್ಟ ಥೀಮ್ ತಂದು ಹಾಕುವವರು ಎರಡು ಕಡೆ ಎಡವುತ್ತಾರೆ. ಒಂದು, 2015ರ 1.10 ಆವೃತ್ತಿಯಿಂದ ಈ ಫೈಲಿನ ಬರವಣಿಗೆ ಲುವಾ ಭಾಷೆಗೆ ಬದಲಾಯಿತು. ಅದಕ್ಕಿಂತ ಹಳೆಯ ಥೀಮುಗಳನ್ನು ಹೊಸ ರೂಪಕ್ಕೆ ತಿರುಗಿಸಿಕೊಳ್ಳಬೇಕು. ಎರಡು, ಹಳೆಯ ಥೀಮುಗಳಲ್ಲಿ ವೈಫೈ ಸಾಧನದ ಹೆಸರು 'ಡಬ್ಲ್ಯುಲ್ಯಾನ್ ಸೊನ್ನೆ' ಅಂತ ಇರುತ್ತೆ, ಈಗಿನ ಯಂತ್ರಗಳಲ್ಲಿ ಅದಕ್ಕೆ ಬೇರೆ ಹೆಸರು. ಅದನ್ನು ತಿದ್ದದೆ ಇದ್ದರೆ ಇಂಟರ್ನೆಟ್ ಓಡುತ್ತಿದ್ದರೂ ಪರದೆಯಲ್ಲಿ ಸೊನ್ನೆಯೇ ಕಾಣುತ್ತದೆ. ಇಷ್ಟು ಸರಿ ಮಾಡಿಕೊಂಡರೆ ಅರ್ಧ ಗಂಟೆಯ ಕೆಲಸ.

ಈಗ ತಕರಾರು.

ನ್ಯಾಮತಿ ಹತ್ತಿರದ ನಮ್ಮ ಹಳ್ಳಿ ಮನೆಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ಇದೆ, ಅಪ್ಪ ಬಳಸುತ್ತಾರೆ. ಅವರು ಓದುವುದು ಕನ್ನಡ ಮಾತ್ರ. ಗ್ನೋಮ್ ಡೆಸ್ಕ್‌ಟಾಪನ್ನು ಸ್ವಯಂಸೇವಕರು ಕನ್ನಡಕ್ಕೆ ತಂದಿರುವುದರಿಂದ ಮೆನುಗಳು ಕನ್ನಡದಲ್ಲೇ ಇವೆ. ಕಾಂಕಿಯೂ ಕನ್ನಡದಲ್ಲೇ ಇರಲಿ ಅಂತ ಹಣೆಪಟ್ಟಿಗಳನ್ನು ಬರೆದೆ. ಕೆಳಗೆ ನಾಲ್ಕು ತಾಲ್ಲೂಕಿನ ಹವಾಮಾನ ತೋರಿಸುವ ನಾಲ್ಕು ಸಾಲು: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ನಮ್ಮ ನೆಂಟರಿಷ್ಟರೆಲ್ಲ ಈ ನಾಲ್ಕರಲ್ಲೇ ಹರಡಿಕೊಂಡಿದ್ದಾರೆ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾಯಿತು. ಒಂದೇ ಜಿಲ್ಲೆ ಆದರೂ ಸೂಳೆಕೆರೆ, ಅಡಿಕೆ ತೋಟಗಳ ಚನ್ನಗಿರಿಯ ಆಕಾಶ ಬೇರೆ, ಮಳೆಗೆ ಬಾಯಿಬಿಟ್ಟು ಕಾಯುವ ಜಗಳೂರಿನ ಆಕಾಶ ಬೇರೆ.

ಕಾಂಕಿ ಆ ನಾಲ್ಕು ಹೆಸರನ್ನೂ ಬರೆಯಿತು. ಜಗಳೂರು ಹೆಚ್ಚುಕಡಿಮೆ ಸರಿಯಾಗಿ ಬಂತು. ಉಳಿದ ಮೂರೂ ಮುರಿದುಬಿದ್ದವು. ಚನ್ನಗಿರಿಯಲ್ಲಿ 'ನ'ಕ್ಕೆ ಒತ್ತು ಕೂರಲಿಲ್ಲ. ಒಂದು ನ, ಪಕ್ಕದಲ್ಲಿ ಅನಾಥವಾಗಿ ಬಿದ್ದ ಅರ್ಧಾಕ್ಷರದ ಕೊಂಬು, ಆಮೇಲೆ ಇನ್ನೊಂದು ನ. ಗುಡಿಸು ಸಹ ಗಕ್ಕೆ ಅಂಟದೆ ದೂರ ನಿಂತಿತ್ತು. ಹೊನ್ನಾಳಿಯದೂ ಅದೇ ಪಾಡು. ನ್ಯಾಮತಿ ಅಂತೂ ಊರಿನವರಿಗೇ ಗುರುತು ಸಿಗದ ಹಾಗಾಗಿತ್ತು. ಅಪ್ಪ ಕನ್ನಡಕ ಸರಿ ಮಾಡಿಕೊಂಡು ನೋಡಿ, "ಇದನ್ನ ಓದಾಕೆ ಆಗಲ್ಲ ಕಣೋ, ಬ್ಯಾರೆ ಭಾಷೆ ಇದ್ದಂಗೈತೆ" ಅಂದರು.

ಕಾರಣ ಸರಳ. ಕಾಂಕಿ ಎಕ್ಸ್ ವಿಂಡೋ ವ್ಯವಸ್ಥೆಯ ಮೇಲೆ ಅಕ್ಷರ ಬಿಡಿಸಲು ಎಕ್ಸ್‌ಎಫ್‌ಟಿ ಎಂಬ ಲೈಬ್ರರಿ ಬಳಸುತ್ತದೆ. ಅದಕ್ಕೆ ಗೊತ್ತಿರುವುದು ಒಂದು ಸಂಕೇತಕ್ಕೆ ಒಂದು ಚಿತ್ರ, ಒಂದರ ಪಕ್ಕ ಒಂದು. ಇಂಗ್ಲಿಷಿಗೆ ಅಷ್ಟು ಸಾಕು. ಕನ್ನಡದಲ್ಲಿ ಹಾಗಲ್ಲವಲ್ಲ. ಗ ಮತ್ತು ಗುಡಿಸು ಸೇರಿದರೆ 'ಗಿ' ಎಂಬ ಮೂರನೆಯದೇ ಆಕಾರ ಆಗಬೇಕು, ಎರಡನೇ ನ ಒತ್ತಾಗಿ ಕೆಳಗೆ ಇಳಿಯಬೇಕು. ಯಾವ ಅಕ್ಷರ ಯಾವುದರ ಜೊತೆ ಸೇರಿದರೆ ಏನಾಗಬೇಕು ಎಂಬ ನಿಯಮ ಫಾಂಟಿನ ಒಳಗೇ ಬರೆದಿರುತ್ತದೆ. ಅದನ್ನು ಓದಿ ಜೋಡಿಸಲು ಹಾರ್ಫ್‌ಬಝ್ ಎಂಬ ತಂತ್ರಾಂಶ ಇದೆ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್ ಎಲ್ಲವೂ ಅದನ್ನೇ ಬಳಸುತ್ತವೆ. ಗ್ನೋಮ್‌ನ ಪ್ಯಾಂಗೋ ಕೂಡ. ಅಂದರೆ ಅದೇ ಲ್ಯಾಪ್‌ಟಾಪಿನಲ್ಲಿ, ಅದೇ ಫಾಂಟಿನಲ್ಲಿ, ಪಕ್ಕದ ಕಿಟಕಿಯಲ್ಲಿ ನ್ಯಾಮತಿ ಸರಿಯಾಗಿಯೇ ಕಾಣುತ್ತದೆ. ಫಾಂಟಿನ ತಪ್ಪಲ್ಲ, ಯೂನಿಕೋಡ್ ತಪ್ಪೂ ಅಲ್ಲ. ಯೂನಿಕೋಡ್‌ನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೂ ಇದೆ, ಕಾಂಕಿ ಹುಟ್ಟುವುದಕ್ಕೆ ಹದಿನಾಲ್ಕು ವರ್ಷ ಮುಂಚೆ.

ಜಗಳೂರು ಪಾಸಾದದ್ದು ಯಾಕೆ ಅಂತ ಈಗ ಗೊತ್ತಾಗುತ್ತೆ. ಅದರಲ್ಲಿ ಒತ್ತಕ್ಷರ ಇಲ್ಲ, ಗುಡಿಸು ಇಲ್ಲ. ಕೊಂಬು, ಕೊಂಬಿನ ದೀರ್ಘ ಎರಡೂ ಅಕ್ಷರದ ಬಲಕ್ಕೆ ಬರುವಂಥವು, ಪಕ್ಕದಲ್ಲಿ ಅಂಟಿಸಿಟ್ಟರೂ ಓದಬಹುದು. ಹಾಗಾದರೆ ಒತ್ತಕ್ಷರ ಬರದ ಹಾಗೆ ಬರೆದುಕೊಳ್ಳೋಣ ಅಂತ ಯಾರಾದರೂ ಹೇಳಬಹುದು. ಪ್ರಯತ್ನ ಮಾಡಿ ನೋಡಿ. 'ಬ್ಯಾಟರಿ' ಆಗಲ್ಲ. 'ಕರೆಂಟು ಇಲ್ಲ' ಅಂತ ಬರೆಯೋಣ ಅಂದರೆ 'ಇಲ್ಲ'ದಲ್ಲೇ ಒತ್ತು ಇದೆ. ಗಡಿಯಾರದ ಕೆಳಗೆ ವಾರದ ಹೆಸರು ತಾನಾಗಿ ಬರುವ ಹಾಗೆ ಮಾಡಿದರೆ ಶುಕ್ರವಾರ ಬಂದಾಗ ಒತ್ತು ಕಳಚುತ್ತದೆ. ಅಪ್ಪ, ಅಮ್ಮ, ಅಕ್ಕ, ಅಣ್ಣ ಯಾರನ್ನೂ ಕರೆಯೋ ಹಾಗಿಲ್ಲ. ಕೊನೆಗೆ 'ಕನ್ನಡ' ಎಂಬ ಪದವನ್ನೇ ಬರೆಯೋಕೆ ಬರಲ್ಲ. ಭಾಷೆಯ ಹೆಸರನ್ನೇ ಬರೆಯಲಾಗದ ತಂತ್ರಾಂಶ ಆ ಭಾಷೆಯವರಿಗೆ ಪೂರ್ತಿಯಾಗಿದೆ ಅಂತ ಹೇಳುವುದು ಹೇಗೆ?

ಇದರಲ್ಲಿ ಒಂದು ವಿಪರ್ಯಾಸವೂ ಇದೆ. ಯೂನಿಕೋಡ್‌ಗಿಂತ ಮುಂಚಿನ ಹಳೆಯ ನುಡಿ, ಬರಹದ ಫಾಂಟುಗಳಲ್ಲಿ ಒತ್ತಿಗೊಂದು ಸಂಕೇತ, ಗುಡಿಸು ಸೇರಿದ ಅಕ್ಷರಕ್ಕೊಂದು ಸಂಕೇತ ಇತ್ತು. ಪಕ್ಕಪಕ್ಕ ಜೋಡಿಸುತ್ತಾ ಹೋದರೆ ಸಾಕಿತ್ತು. ಆ ಪದ್ಧತಿ ತತ್ವದಲ್ಲಿ ಕಾಂಕಿಗೆ ಹೊಂದುತ್ತದೆ. ಆದರೆ ಹಾಗೆ ಬರೆದದ್ದನ್ನು ಹುಡುಕೋಕಾಗಲ್ಲ, ಬೇರೆ ಫಾಂಟಿಗೆ ಹಾಕಿದರೆ ಗೀಚಿದ ಹಾಗಿರುತ್ತೆ. ಆ ಕಾಟ ತಪ್ಪಿಸಿಕೊಳ್ಳಲಿಕ್ಕೇ ಯೂನಿಕೋಡಿಗೆ ಬಂದವರು ನಾವು. ಒಂದು ಸಿಸ್ಟಮ್ ಮಾನಿಟರಿಗೋಸ್ಕರ ಹಿಂದಕ್ಕೆ ಹೋಗುವುದು ಸರಿಯಲ್ಲ.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಕಾಂಕಿಗೆ ಈಚೆಗೆ ಬಂದಿರುವ ವೇಲ್ಯಾಂಡ್ ಬೆಂಬಲದಲ್ಲಿ ಅಕ್ಷರಗಳು ಪ್ಯಾಂಗೋ ಮೂಲಕವೇ ಹೋಗುತ್ತವೆ. ಅಂದರೆ ದಾರಿ ಅವರಿಗೆ ಗೊತ್ತಿದೆ. ಆದರೆ ಆ ದಾರಿಗೆ ಬೇಕಾದ ಲೇಯರ್ ಶೆಲ್ ಎಂಬ ಸೌಲಭ್ಯವನ್ನು ಗ್ನೋಮ್ ಕೊಡುವುದಿಲ್ಲ. ಗ್ನೋಮ್ ಇದ್ದವರು ಎಕ್ಸ್ ದಾರಿಯಲ್ಲೇ ಉಳಿಯಬೇಕು, ಅಲ್ಲಿ ಮತ್ತೆ ಅದೇ ಮುರುಕು ಅಕ್ಷರ.

ಅಲ್ಲಿವರೆಗೆ ಏನು ಮಾಡೋದು? ಒಂದು ಉಪಾಯ ಇದೆ, ನಮ್ಮ ಮನೆಯಲ್ಲಿ ಈಗ ಅದೇ ನಡೆಯುತ್ತಿದೆ. ಪ್ಯಾಂಗೋ-ವ್ಯೂ ಎಂಬ ಪುಟ್ಟ ಕಮಾಂಡ್ ಇದೆ. ಅದಕ್ಕೆ ಕನ್ನಡ ಪದ, ಫಾಂಟಿನ ಹೆಸರು, ಅಳತೆ ಕೊಟ್ಟರೆ ಸರಿಯಾಗಿ ಬರೆದು ಚಿತ್ರವಾಗಿ ಉಳಿಸಿಕೊಡುತ್ತದೆ. ನೋಟೋ, ನವಿಲು, ಗುಬ್ಬಿ, ಯಾವ ಯೂನಿಕೋಡ್ ಫಾಂಟ್ ಆದರೂ ಸರಿ. ಹಣೆಪಟ್ಟಿಗಳೆಲ್ಲ ಚಿತ್ರ, ಅಂಕಿಗಳು ಮಾತ್ರ ಕಾಂಕಿ ಬರೆಯೋದು. ವಾರದ ಹೆಸರಿನ ಚಿತ್ರ ದಿನಕ್ಕೊಮ್ಮೆ ಬದಲಾಗುವ ಹಾಗೆ ಕ್ರಾನ್‌ಗೆ ಹಚ್ಚಬಹುದು. ಕಾಂಕಿ ಹಳೆಯ ಚಿತ್ರವನ್ನೇ ನೆನಪಿಟ್ಟುಕೊಂಡು ತೋರಿಸುವುದುಂಟು, ಅದನ್ನು ನೆನಪಿಡಬೇಡ ಅಂತ ಹೇಳುವ ಆಯ್ಕೆಯನ್ನೂ ಚಿತ್ರದ ಸಾಲಿನಲ್ಲಿ ಸೇರಿಸಿ. ನಾಲ್ಕು ತಾಲ್ಲೂಕಿನ ಹೆಸರೂ ಈಗ ಚೆನ್ನಾಗಿ ಕಾಣುತ್ತವೆ.

ಆದರೆ ಇದು ತೇಪೆ. ಪದ ಬದಲಿಸಿದಾಗಲೆಲ್ಲ ಚಿತ್ರ ಮತ್ತೆ ಮಾಡಬೇಕು. ಬೆಂಗಳೂರಲ್ಲಿ ಕೂತು ಕೋಡ್ ಬರೆಯುವವನಿಗೆ ಇದು ಆಗುತ್ತೆ, ಚನ್ನಗಿರಿಯ ಡಿಪ್ಲೊಮಾ ಹುಡುಗಿ ತನ್ನ ಮನೆಗೆ ಮೊದಲ ಸಲ ಲಿನಕ್ಸ್ ಹಾಕುವಾಗ ಇಷ್ಟೆಲ್ಲ ಯಾಕೆ ಮಾಡಬೇಕು? ಅವಳು ಏನು ಮಾಡುತ್ತಾಳೆ ಅಂತ ಊಹಿಸೋದು ಕಷ್ಟ ಅಲ್ಲ. ಕನ್ನಡ ಮುರಿದದ್ದು ನೋಡಿ, ಅಳಿಸಿ, ಇಂಗ್ಲಿಷಿನಲ್ಲಿ ಸಿಪಿಯು, ಮೆಮ್ ಅಂತ ಬರೆದು ಮುಂದೆ ಹೋಗುತ್ತಾಳೆ. ಹಾಗೆ ಹೋದವರು ದೂರು ಬರೆಯುವುದಿಲ್ಲ. ದೂರು ಹೋಗದಿದ್ದರೆ ದೂರದೇಶದಲ್ಲಿ ಬಿಡುವಿನ ವೇಳೆಯಲ್ಲಿ, ಸಂಬಳ ಇಲ್ಲದೆ ಕಾಂಕಿ ನೋಡಿಕೊಳ್ಳುವವರಿಗೆ ಇಂಥ ತೊಂದರೆ ಎಷ್ಟು ಜನಕ್ಕಿದೆ ಅಂತ ಗೊತ್ತಾಗುವುದಾದರೂ ಹೇಗೆ?

ಸಿಸ್ಟಮ್ ಮಾನಿಟರ್ ಅಂದರೆ ಯಂತ್ರದ ಒಳಗಿನ ಸ್ಥಿತಿಯನ್ನು ಎದುರು ಕೂತ ಮನುಷ್ಯನಿಗೆ ತಿಳಿಸುವುದು. ಎಣಿಸುವ ಅರ್ಧ ಕೆಲಸವನ್ನು ಕಾಂಕಿ ಅಚ್ಚುಕಟ್ಟಾಗಿ ಮಾಡುತ್ತೆ, ತಿಳಿಸುವ ಅರ್ಧ ಕನ್ನಡದವರ ಮಟ್ಟಿಗೆ ಬಾಕಿ ಇದೆ. ಅದು ಮುಗಿಯಬೇಕಾದರೆ ನಾವು ಕೇಳಬೇಕು. ನೀವು ಕಾಂಕಿ ಬಳಸುವವರಾದರೆ ನಿಮ್ಮೂರಿನ ಹೆಸರು ಬರೆದು ನೋಡಿ. ಮುರಿದರೆ ಪರದೆಯ ಚಿತ್ರ ತೆಗೆದು, ಪಕ್ಕದಲ್ಲಿ ಫೈರ್‌ಫಾಕ್ಸ್ ಬರೆದ ಅದೇ ಹೆಸರನ್ನೂ ಇಟ್ಟು, ಕಾಂಕಿಯವರಿಗೆ ಒಂದು ದೂರು ಕಳಿಸಿ. ತಮಿಳಿನವರು, ಬಂಗಾಳಿಯವರು, ಹಿಂದಿಯವರು ಎಲ್ಲರಿಗೂ ಇದೇ ತೊಂದರೆ ಇದೆ, ಅವರೂ ಸೇರಿಕೊಳ್ಳಲಿ. ಪರೀಕ್ಷೆಗೆ ಬೇರೆ ವಾಕ್ಯ ಹುಡುಕೋದು ಬೇಡ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ: ಈ ಮೂರು ಸರಿಯಾಗಿ ಬಂದ ದಿನ ಕಾಂಕಿಗೆ ಕನ್ನಡ ಬಂತು ಅಂತ ಒಪ್ಪಿಕೊಳ್ಳೋಣ.